ಗಾಂಜಾ ಕಾನೂನುಬದ್ಧವಾದ ಮೇಲೆ ರಸ್ತೆಗಳಲ್ಲಿ ಆದದ್ದೇನು?

ಕೆನಡಾ ದೇಶವು 2018ರ ಅಕ್ಟೋಬರ್ 17ರಂದು ವಯಸ್ಕರು ಗಾಂಜಾ ಕೊಳ್ಳುವುದನ್ನೂ ಸೇದುವುದನ್ನೂ ಕಾನೂನುಬದ್ಧಗೊಳಿಸಿತು. ಆ ದಿನಕ್ಕೆ ಮೊದಲು ಮತ್ತು ಅನಂತರ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಅಪಘಾತಕ್ಕೀಡಾಗಿ ಆಸ್ಪತ್ರೆ ಸೇರಿದ 4,339 ಚಾಲಕರ ರಕ್ತವನ್ನು ಪರೀಕ್ಷಿಸಿದ ವೈದ್ಯರ ತಂಡವೊಂದು 2022ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿತು. ಗಾಂಜಾದಲ್ಲಿ ಅಮಲು ತರಿಸುವ ಮುಖ್ಯ ರಾಸಾಯನಿಕವಾದ ಟಿಎಚ್‌ಸಿ ಮೊದಲು ಶೇ 9.2ರಷ್ಟು ಚಾಲಕರ ರಕ್ತದಲ್ಲಿ ಇತ್ತು. ಕಾನೂನು ಬದಲಾದ ಮೇಲೆ ಆ ಪ್ರಮಾಣ ಶೇ 17.9ಕ್ಕೆ ಏರಿತ್ತು. ಇಂಥ ಅಂಕಿಗಳನ್ನು ಓದಿದವರು ‘ಗಾಂಜಾ ಸೇದಿ ಅಪಘಾತ ಮಾಡುವವರು ಇಮ್ಮಡಿಯಾದರು’ ಎಂದು ತೀರ್ಮಾನಿಸುವುದು ಸಹಜ. ಆದರೆ ಆ ಅಂಕಿ ಹೇಳುವುದು ಅದನ್ನಲ್ಲ. ಗಾಯಗೊಂಡ ಚಾಲಕರ ರಕ್ತದಲ್ಲಿ ಟಿಎಚ್‌ಸಿ ಕಾಣಿಸಿಕೊಳ್ಳುವುದು ಹೆಚ್ಚಾಗಿದೆ ಎಂಬುದಷ್ಟೇ ಅದರ ಅರ್ಥ. ಅಪಘಾತಗಳ ಸಂಖ್ಯೆ ಹೆಚ್ಚಿತೇ, ಆ ಚಾಲಕರು ಅಮಲಿನಲ್ಲಿದ್ದರೇ, ಅಮಲೇ ಅಪಘಾತಕ್ಕೆ ಕಾರಣವಾಯಿತೇ ಎಂಬವು ಮೂರು ಬೇರೆ ಪ್ರಶ್ನೆಗಳು. ಈ ಮೂರನ್ನೂ ಒಂದೇ ಅಂಕಿಯಿಂದ ಉತ್ತರಿಸಲು ಹೊರಡುವುದರಿಂದಲೇ ಈ ವಿಷಯದಲ್ಲಿ ಇಷ್ಟೊಂದು ಗೊಂದಲ ಉಂಟಾಗಿದೆ.

ಗೊಂದಲದ ಬೇರು ಇರುವುದು ನಮ್ಮ ಶರೀರದಲ್ಲಿ. ಮದ್ಯದ ವಿಷಯದಲ್ಲಿ ಪೊಲೀಸರ ಕೆಲಸ ಸುಲಭವಾಗಿರುವುದಕ್ಕೆ ಕಾರಣ, ಮದ್ಯಸಾರವು ನೀರಿನಲ್ಲಿ ಕರಗುವ ವಸ್ತು. ಅದು ದೇಹದ ನೀರಿನಂಶದಲ್ಲೆಲ್ಲ ಹೆಚ್ಚುಕಡಿಮೆ ಸಮನಾಗಿ ಹರಡಿಕೊಳ್ಳುತ್ತದೆ, ಉಸಿರಿನಲ್ಲಿ ಹೊರಬರುತ್ತದೆ, ಗಂಟೆಗೆ ಇಂತಿಷ್ಟು ಎಂಬ ಬಹುತೇಕ ಸ್ಥಿರವಾದ ವೇಗದಲ್ಲಿ ಕರಗಿಹೋಗುತ್ತದೆ. ಆದ್ದರಿಂದ ರಕ್ತದಲ್ಲಿ ಎಷ್ಟು ಮದ್ಯಸಾರವಿದೆ ಎಂದು ಗೊತ್ತಾದರೆ ಮಿದುಳು ಎಷ್ಟು ಮಂಕಾಗಿದೆ ಎಂಬುದನ್ನು ಅಂದಾಜು ಮಾಡಬಹುದು. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವ ವಸ್ತು. ನೀರಿನಲ್ಲಿ ಕದಡಿದ ಉಪ್ಪಿಗೂ ಬಟ್ಟೆಗೆ ಹತ್ತಿದ ಎಣ್ಣೆ ಜಿಡ್ಡಿಗೂ ಇರುವಷ್ಟೇ ವ್ಯತ್ಯಾಸ ಇವೆರಡಕ್ಕೂ ಇದೆ. ಸೇದಿದ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಟಿಎಚ್‌ಸಿ ತನ್ನ ಗರಿಷ್ಠ ಮಟ್ಟಕ್ಕೆ ಏರುತ್ತದೆ. ಅನಂತರ ಅದು ಮಿದುಳಿಗೂ ಕೊಬ್ಬಿನ ಅಂಗಾಂಶಗಳಿಗೂ ಸೇರಿಕೊಳ್ಳುವುದರಿಂದ ಒಂದೆರಡು ಗಂಟೆಯೊಳಗೆ ರಕ್ತದಲ್ಲಿನ ಪ್ರಮಾಣ ಥಟ್ಟನೆ ಕುಸಿಯುತ್ತದೆ. ಆದರೆ ಅಮಲು ಅಷ್ಟು ಬೇಗ ಇಳಿಯುವುದಿಲ್ಲ. ಅಂದರೆ ರಕ್ತದ ಅಂಕಿ ತಗ್ಗಿದ್ದರೂ ಚಾಲಕನ ತಲೆ ತಿಳಿಯಾಗಿರಬೇಕೆಂದಿಲ್ಲ.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಉಂಟು. ವರ್ಷಗಟ್ಟಲೆ ದಿನವೂ ಸೇದುವವರ ಕೊಬ್ಬಿನಲ್ಲಿ ಸಂಗ್ರಹವಾದ ಟಿಎಚ್‌ಸಿ, ಸೇದುವುದನ್ನು ಬಿಟ್ಟ ಮೇಲೂ ಹನಿಹನಿಯಾಗಿ ರಕ್ತಕ್ಕೆ ಮರಳುತ್ತಲೇ ಇರುತ್ತದೆ. ಅಂಥವರನ್ನು ಆಸ್ಪತ್ರೆಯ ಕಾವಲಿನಲ್ಲಿಟ್ಟು ಗಾಂಜಾ ಸಿಗದಂತೆ ನೋಡಿಕೊಂಡು ದಿನವೂ ರಕ್ತ ಪರೀಕ್ಷಿಸಿದಾಗ, ಕೆಲವರಲ್ಲಿ ಒಂದು ತಿಂಗಳಾದರೂ ಸಣ್ಣ ಪ್ರಮಾಣದ ಟಿಎಚ್‌ಸಿ ಪತ್ತೆಯಾಗುತ್ತಿತ್ತು. ಅವರಲ್ಲಿ ಅಮಲು ಎಂದೋ ಇಳಿದಿತ್ತು, ರಕ್ತದ ವರದಿ ಮಾತ್ರ ‘ಪಾಸಿಟಿವ್’ ಎನ್ನುತ್ತಲೇ ಇತ್ತು. ಮೂತ್ರ ಪರೀಕ್ಷೆಯ ಕಥೆ ಇನ್ನೂ ದೂರದ್ದು. ಅದು ಹುಡುಕುವುದು ಟಿಎಚ್‌ಸಿ ಒಡೆದು ಉಳಿದ, ಅಮಲು ತರಿಸದ ಪದಾರ್ಥವನ್ನು. ವಾರಗಳ ಹಿಂದೆ ಗಾಂಜಾ ಸೇವಿಸಿದ್ದರೂ ಅದು ಸಿಗಬಹುದು. ವಾಹನ ಓಡಿಸುವಾಗ ವ್ಯಕ್ತಿಯ ಸ್ಥಿತಿ ಹೇಗಿತ್ತು ಎಂಬುದಕ್ಕೆ ಮೂತ್ರದ ವರದಿ ಸಾಕ್ಷಿಯೇ ಅಲ್ಲ.

ಸೇದುವ ಬದಲು ತಿಂದರೆ ಅಥವಾ ಕುಡಿದರೆ ಲೆಕ್ಕ ಮತ್ತಷ್ಟು ಬದಲಾಗುತ್ತದೆ. ಕೆನಡಾ, ಅಮೆರಿಕದ ಅಂಗಡಿಗಳಲ್ಲಿ ಸಿಗುವ ಗಾಂಜಾ ಬೆರೆಸಿದ ಚಾಕೊಲೇಟು, ಗಮ್ಮಿಗಳಿಗೂ ನಮ್ಮಲ್ಲಿ ಹಬ್ಬದ ನೆಪದಲ್ಲಿ ಕುಡಿಯುವ ಭಂಗಿಗೂ ಇದು ಸಮಾನವಾಗಿ ಅನ್ವಯಿಸುವ ಮಾತು. ಹೊಟ್ಟೆಗೆ ಹೋದದ್ದು ಜೀರ್ಣವಾಗಿ, ಯಕೃತ್ತಿನಲ್ಲಿ ಮತ್ತೊಂದು ಪ್ರಬಲ ರೂಪಕ್ಕೆ ಬದಲಾಗಿ ಮಿದುಳಿಗೆ ತಲುಪಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಬೇಕು. ‘ಏನೂ ಆಗಲೇ ಇಲ್ಲವಲ್ಲ’ ಎಂದುಕೊಂಡು ಕಾರು ಹತ್ತಿದವರಿಗೆ ಅಮಲು ಏರುವುದು ಹೆದ್ದಾರಿಯ ನಡುವೆ. ಹೀಗೆ ತಿಂದವರ ರಕ್ತದಲ್ಲಿ ಟಿಎಚ್‌ಸಿ ಪ್ರಮಾಣ ಸೇದಿದವರಷ್ಟು ಮೇಲೇರುವುದೂ ಇಲ್ಲವಾದ್ದರಿಂದ, ತೀವ್ರ ಅಮಲಿನಲ್ಲಿದ್ದೂ ರಕ್ತ ಪರೀಕ್ಷೆಯ ಮಿತಿಯೊಳಗೆ ಉಳಿದುಬಿಡುವ ಸಾಧ್ಯತೆ ಇದೆ.

ಹಾಗಿದ್ದರೆ ಗಾಂಜಾ ಸೇದಿ ವಾಹನ ಓಡಿಸುವುದು ಅಪಾಯವೇ ಅಲ್ಲ ಎನ್ನಬಹುದೇ? ಖಂಡಿತ ಅಲ್ಲ. ಅಳತೆ ಕಷ್ಟವೆಂದ ಮಾತ್ರಕ್ಕೆ ಅಪಾಯ ಇಲ್ಲವೆಂದಾಗುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿರುವ ಬೃಹತ್ ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ಸ್ವಯಂಸೇವಕರಿಗೆ ಗಾಂಜಾ, ಮದ್ಯ ಮತ್ತು ಎರಡನ್ನೂ ಕೊಟ್ಟು ಕಾರು ಓಡಿಸಲು ಹೇಳಿದಾಗ ಸಂಶೋಧಕರು ಮುಖ್ಯವಾಗಿ ಗಮನಿಸಿದ್ದು ಒಂದು ಅಳತೆಯನ್ನು: ಲೇನಿನೊಳಗೆ ಕಾರು ಎಡಕ್ಕೂ ಬಲಕ್ಕೂ ಎಷ್ಟು ಸೆಂಟಿಮೀಟರ್ ಓಲಾಡುತ್ತದೆ ಎಂಬುದು. ಎಚ್ಚರವಿರುವ ಚಾಲಕನ ಕೈ ಸ್ಟೀರಿಂಗನ್ನು ಕ್ಷಣಕ್ಷಣಕ್ಕೂ, ತನಗೇ ಅರಿವಿಲ್ಲದಂತೆ, ಕೂದಲೆಳೆಯಷ್ಟು ತಿದ್ದುತ್ತಲೇ ಇರುತ್ತದೆ. ಗಾಂಜಾ ಸೇದಿದವನಲ್ಲಿ ಈ ತಿದ್ದುವಿಕೆ ತಡವಾಗುತ್ತದೆ. ಕಾರು ಸ್ವಲ್ಪ ಹೆಚ್ಚು ಸರಿದ ಮೇಲೆ ಎಚ್ಚೆತ್ತ ಕೈ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಎಳೆಯುತ್ತದೆ. ಮದ್ಯ ಕುಡಿದವನಲ್ಲಿಯೂ ಇದೇ ಓಲಾಟ ಕಾಣುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಕುಡಿದವನು ವೇಗ ಹೆಚ್ಚಿಸುತ್ತಾನೆ, ತಾನು ಚೆನ್ನಾಗಿಯೇ ಓಡಿಸುತ್ತಿದ್ದೇನೆಂದು ನಂಬುತ್ತಾನೆ. ಗಾಂಜಾ ಸೇದಿದವನು ಹೆಚ್ಚಾಗಿ ವೇಗ ತಗ್ಗಿಸುತ್ತಾನೆ, ಮುಂದಿನ ವಾಹನದಿಂದ ಹೆಚ್ಚು ಅಂತರ ಇಟ್ಟುಕೊಳ್ಳುತ್ತಾನೆ. ಖಾಲಿ ರಸ್ತೆಯಲ್ಲಿ ಈ ಎಚ್ಚರ ನೆರವಾಗಬಹುದು. ಆದರೆ ಚೆಂಡಿನ ಹಿಂದೆ ಓಡಿಬಂದ ಮಗು, ಥಟ್ಟನೆ ಬ್ರೇಕ್ ಹಾಕಿದ ಮುಂದಿನ ಲಾರಿ, ಒಂದೇ ಹೊತ್ತಿಗೆ ಸಿಗ್ನಲ್ಲನ್ನೂ ಪಕ್ಕದಿಂದ ನುಗ್ಗುವ ಬೈಕನ್ನೂ ಗಮನಿಸಬೇಕಾದ ವೃತ್ತ, ಇಂಥ ಕಡೆ ನಿಧಾನವಾದ ವೇಗವು ನಿಧಾನವಾದ ಮಿದುಳಿಗೆ ಪರಿಹಾರವಾಗದು. ಎರಡನ್ನೂ ಬೆರೆಸಿದವರಲ್ಲಿ ಓಲಾಟ ಒಂದರ ಮೇಲೊಂದು ಕೂಡಿಕೊಳ್ಳುತ್ತದೆ. ಎಲ್ಲ ಅಧ್ಯಯನಗಳೂ ಹೆಚ್ಚುಕಡಿಮೆ ಒಪ್ಪುವ ಮಾತೆಂದರೆ ಇದೇ: ಮದ್ಯದೊಂದಿಗೆ ಗಾಂಜಾ ಸೇರಿದ ಚಾಲನೆಯೇ ಅತ್ಯಂತ ಅಪಾಯದ್ದು.

ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವು ಗಾಂಜಾ ಸೇವಿಸುವ 191 ಮಂದಿಯ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗ ಈ ಚಿತ್ರಕ್ಕೆ ಕಾಲದ ಲೆಕ್ಕವನ್ನು ಸೇರಿಸಿತು. ಸೇದಿದ ಅರ್ಧ ಗಂಟೆಗೂ ಒಂದೂವರೆ ಗಂಟೆಗೂ ಅವರ ಚಾಲನೆ ಸ್ಪಷ್ಟವಾಗಿ ಕೆಟ್ಟಿತ್ತು. ನಾಲ್ಕೂವರೆ ಗಂಟೆ ಕಳೆಯುವಷ್ಟರಲ್ಲಿ ಟಿಎಚ್‌ಸಿ ಇಲ್ಲದ ಸಿಗರೇಟು ಸೇದಿದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ನನ್ನ ಮಟ್ಟಿಗೆ ಅತ್ಯಂತ ಕಳವಳಕಾರಿಯಾಗಿ ಕಂಡದ್ದು ನಡುವಿನ ಘಟ್ಟ. ಒಂದೂವರೆ ಗಂಟೆಯ ಹೊತ್ತಿಗೆ ‘ಈಗ ನಾನು ಓಡಿಸಬಲ್ಲೆ’ ಎನ್ನುವವರ ಸಂಖ್ಯೆ ಏರಿತ್ತು, ಆದರೆ ಅವರ ಚಾಲನೆ ಸುಧಾರಿಸಿರಲಿಲ್ಲ. ಆತ್ಮವಿಶ್ವಾಸ ಮೊದಲು ಮರಳುತ್ತದೆ, ಸಾಮರ್ಥ್ಯ ಆಮೇಲೆ. ಇನ್ನೊಂದು ಸಂಗತಿಯೂ ಅಲ್ಲಿ ಖಚಿತವಾಯಿತು: ಯಾರ ರಕ್ತದಲ್ಲಿ ಎಷ್ಟು ಟಿಎಚ್‌ಸಿ ಇತ್ತು ಎಂಬುದಕ್ಕೂ ಯಾರು ಎಷ್ಟು ಕೆಟ್ಟದಾಗಿ ಓಡಿಸಿದರು ಎಂಬುದಕ್ಕೂ ನಂಬಬಹುದಾದ ಸಂಬಂಧ ಸಿಗಲಿಲ್ಲ.

ಪ್ರಯೋಗಶಾಲೆಯಿಂದ ನಿಜವಾದ ರಸ್ತೆಗೆ ಬಂದರೆ ಅಪಾಯದ ಪ್ರಮಾಣ ಎಷ್ಟು? ವರ್ಜೀನಿಯಾ ಬೀಚ್ ನಗರದಲ್ಲಿ ಅಮೆರಿಕ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ ನಡೆಸಿದ ದೊಡ್ಡ ಅಧ್ಯಯನದಲ್ಲಿ ಅಪಘಾತಕ್ಕೊಳಗಾದ ಮೂರು ಸಾವಿರಕ್ಕೂ ಹೆಚ್ಚು ಚಾಲಕರನ್ನು, ಅದೇ ಜಾಗದಲ್ಲಿ, ವಾರದ ಅದೇ ದಿನ, ಅದೇ ಹೊತ್ತಿನಲ್ಲಿ ಅಪಘಾತವಿಲ್ಲದೆ ಸಾಗಿದ ಚಾಲಕರೊಂದಿಗೆ ಹೋಲಿಸಲಾಯಿತು. ರಕ್ತದಲ್ಲಿ ಶೇ 0.08ರಷ್ಟು ಮದ್ಯಸಾರವಿದ್ದವರಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು, ಶೇ 0.15 ಇದ್ದವರಿಗೆ ಹನ್ನೆರಡು ಪಟ್ಟು ಎಂದು ಕಂಡುಬಂತು. ಟಿಎಚ್‌ಸಿ ಇದ್ದವರಲ್ಲಿ ಮೊದಲ ನೋಟಕ್ಕೆ ಶೇ 25ರಷ್ಟು ಹೆಚ್ಚು ಅಪಾಯ ಕಂಡಿತಾದರೂ, ವಯಸ್ಸು, ಲಿಂಗ ಮತ್ತು ಜೊತೆಗೆ ಕುಡಿದಿದ್ದ ಮದ್ಯದ ಲೆಕ್ಕ ತೆಗೆದಾಗ ಆ ಹೆಚ್ಚಳ ಬಹುತೇಕ ಇಲ್ಲವಾಯಿತು. ಗಾಂಜಾ ಸೇದುವವರಲ್ಲಿ ಯುವಕರೇ ಹೆಚ್ಚು, ಯುವಕರು ಗಾಂಜಾ ಸೇದದೆಯೂ ಹೆಚ್ಚು ಅಪಘಾತ ಮಾಡುತ್ತಾರೆ. ಇತರ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ಬೇರೆ ಬೇರೆ ಉತ್ತರ ಕೊಟ್ಟಿವೆ: 2012ರ ಒಂದು ವಿಶ್ಲೇಷಣೆ ಅಪಾಯ ಹತ್ತಿರ ಹತ್ತಿರ ಇಮ್ಮಡಿ ಎಂದಿತು, 2016ರ ಇನ್ನೊಂದು ಶೇ 36ರಷ್ಟು ಮಾತ್ರ ಹೆಚ್ಚು ಎಂದಿತು. ಇವು ಒಂದನ್ನೊಂದು ಸುಳ್ಳಾಗಿಸುತ್ತವೆ ಎಂದು ನಾನು ಭಾವಿಸುವುದಿಲ್ಲ. ಹತ್ತು ನಿಮಿಷದ ಹಿಂದೆ ಸೇದಿದವನನ್ನೂ ಮೊನ್ನೆ ರಾತ್ರಿ ಸೇದಿದವನನ್ನೂ ‘ಪಾಸಿಟಿವ್’ ಎಂಬ ಒಂದೇ ಗುಂಪಿಗೆ ಹಾಕಿದರೆ, ಮೊದಲನೆಯವನ ಅಪಾಯ ಎರಡನೆಯವನ ಸುರಕ್ಷತೆಯಲ್ಲಿ ಕರಗಿಹೋಗಿ ಸರಾಸರಿ ತಗ್ಗುತ್ತದೆ. ಯಾವ ಅಧ್ಯಯನದಲ್ಲಿ ಯಾವ ಗುಂಪಿನವರು ಎಷ್ಟಿದ್ದರು ಎಂಬುದರ ಮೇಲೆ ಉತ್ತರ ನಿಂತಿರುತ್ತದೆ.

ಈಗ ಕಾನೂನು ಬದಲಾವಣೆಯ ಪರಿಣಾಮಕ್ಕೆ ಬರೋಣ. ಅಮೆರಿಕದಲ್ಲಿ ಕೊಲೊರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು 2012ರ ನವೆಂಬರಿನಲ್ಲಿ ಮೊದಲಿಗೆ ಗಾಂಜಾವನ್ನು ಕಾನೂನುಬದ್ಧಗೊಳಿಸಿದರು. ಎರಡೂ ರಾಜ್ಯಗಳಲ್ಲಿ 2014ರಲ್ಲಿ ಅಂಗಡಿಗಳು ತೆರೆದವು. ಈ ಎರಡು ರಾಜ್ಯಗಳನ್ನು ಕಾನೂನು ಬದಲಿಸದ ಎಂಟು ರಾಜ್ಯಗಳೊಂದಿಗೆ ಹೋಲಿಸಿದ 2017ರ ಅಧ್ಯಯನವು, ಮೊದಲ ಮೂರು ವರ್ಷಗಳಲ್ಲಿ ಅಪಘಾತ ಸಾವಿನ ದರದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂದಿತು. 2020ರಲ್ಲಿ ಬಂದ ಮತ್ತೊಂದು ಅಧ್ಯಯನ ಬೇರೆ ವಿಧಾನದಿಂದ ಲೆಕ್ಕಹಾಕಿ, ಕೊಲೊರಾಡೊದಲ್ಲಿ ವರ್ಷಕ್ಕೆ ಸರಾಸರಿ 75 ಸಾವುಗಳು ಹೆಚ್ಚಾಗಿವೆ, ವಾಷಿಂಗ್ಟನ್‌ನಲ್ಲಿ ಅಂಥ ಪರಿಣಾಮವಿಲ್ಲ ಎಂದಿತು. ಅಮೆರಿಕದ ವಿಮಾ ಕಂಪನಿಗಳ ಹಣದಿಂದ ನಡೆಯುವ ಹೆದ್ದಾರಿ ಸುರಕ್ಷತಾ ಸಂಸ್ಥೆಯೊಂದು ಪಶ್ಚಿಮದ ಐದು ರಾಜ್ಯಗಳ ಲೆಕ್ಕ ನೋಡಿ, ಗಾಯಗಳಾದ ಅಪಘಾತಗಳ ದರ ಸುಮಾರು ಶೇ 6ರಷ್ಟೂ ಸಾವಿನ ಅಪಘಾತಗಳ ದರ ಸುಮಾರು ಶೇ 4ರಷ್ಟೂ ಏರಿದೆ ಎಂದು 2022ರಲ್ಲಿ ಹೇಳಿತು. ಆದರೆ ಅದೇ ಅಧ್ಯಯನದೊಳಗೆ ಒಂದು ರಾಜ್ಯದಲ್ಲಿ ಗಾಯದ ಅಪಘಾತ ಶೇ 18ರಷ್ಟು ಏರಿದ್ದರೆ ಇನ್ನೊಂದರಲ್ಲಿ ಶೇ 7ರಷ್ಟು ಇಳಿದಿತ್ತು. ಇದಕ್ಕೂ ಮೊದಲು, ವೈದ್ಯಕೀಯ ಬಳಕೆಗಷ್ಟೇ ಗಾಂಜಾ ಅನುಮತಿಸಿದ ರಾಜ್ಯಗಳನ್ನು ನೋಡಿದ್ದ ಅರ್ಥಶಾಸ್ತ್ರಜ್ಞರು ಅಲ್ಲಿ ಅಪಘಾತ ಸಾವು ಕಡಿಮೆಯಾಗಿದೆ ಎಂದು 2013ರಲ್ಲಿ ಬರೆದಿದ್ದರು. ಜನ ಮದ್ಯದ ಬದಲು ಗಾಂಜಾ ಬಳಸಿದ್ದೇ ಕಾರಣವಿರಬಹುದು ಎಂಬುದು ಅವರ ಊಹೆ.

ಒಂದೇ ಪ್ರಶ್ನೆಗೆ ಇಷ್ಟು ಉತ್ತರಗಳು ಏಕೆ? ರಸ್ತೆಯ ಸಾವುಗಳನ್ನು ಏರಿಸಿ ಇಳಿಸುವ ಕಾರಣಗಳು ಹತ್ತಾರು. ಪೆಟ್ರೋಲ್ ಅಗ್ಗವಾದರೆ ಜನ ಹೆಚ್ಚು ಓಡಾಡುತ್ತಾರೆ, ಉದ್ಯೋಗ ಹೆಚ್ಚಿದರೆ ವಾಹನ ಹೆಚ್ಚುತ್ತವೆ, ಫೋನ್ ನೋಡುತ್ತಾ ಓಡಿಸುವ ಚಟ ಬೇರೆ. ಕೋವಿಡ್ ಬಂದ 2020ರಲ್ಲಿ ಅಮೆರಿಕದಲ್ಲಿ ವಾಹನ ಸಂಚಾರ ಇಳಿದರೂ ಸಾವುಗಳು ಏರಿದವು. ಆ ಏರಿಕೆ ಗಾಂಜಾ ಮಾರುವ ರಾಜ್ಯಗಳಲ್ಲೂ ನಿಷೇಧಿಸಿದ ರಾಜ್ಯಗಳಲ್ಲೂ ಕಂಡಿತು. ಕೊಲೊರಾಡೊವನ್ನು ಯಾವ ರಾಜ್ಯದೊಂದಿಗೆ ಹೋಲಿಸಬೇಕು ಎಂಬ ಸಂಶೋಧಕನ ಒಂದು ಆಯ್ಕೆಯೇ ಫಲಿತಾಂಶವನ್ನು ಬದಲಿಸಬಲ್ಲದು. ಇದಲ್ಲದೆ ಅಪಘಾತದಲ್ಲಿ ಸತ್ತ ಚಾಲಕರಲ್ಲಿ ಎಲ್ಲರನ್ನೂ ಮಾದಕ ವಸ್ತುವಿಗಾಗಿ ಪರೀಕ್ಷಿಸುವುದಿಲ್ಲ. ಯಾರನ್ನು ಪರೀಕ್ಷಿಸಬೇಕು, ಯಾವ ಪ್ರಯೋಗಾಲಯದಲ್ಲಿ, ಎಷ್ಟು ಸೂಕ್ಷ್ಮವಾಗಿ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗಾಂಜಾ ಕಾನೂನುಬದ್ಧವಾದ ಕೂಡಲೇ ಪೊಲೀಸರು ಅದನ್ನು ಹೆಚ್ಚು ಹುಡುಕತೊಡಗಿದರೆ, ಹೆಚ್ಚು ಸಿಗುವುದು ಸಹಜ. ಈ ಎಲ್ಲವನ್ನೂ ತೂಗಿ ನೋಡಿದಾಗ ನನಗೆ ನ್ಯಾಯವೆನಿಸುವ ತೀರ್ಮಾನ ಇಷ್ಟು: ಕೆಲವು ಕಡೆ ಅಪಘಾತಗಳು ಸ್ವಲ್ಪಮಟ್ಟಿಗೆ ಹೆಚ್ಚಿರುವ ಸಾಧ್ಯತೆ ಬಲವಾಗಿದೆ, ವಿರೋಧಿಗಳು ಭಯಪಟ್ಟಂಥ ರಕ್ತಪಾತ ಎಲ್ಲಿಯೂ ಆಗಿಲ್ಲ, ಬೆಂಬಲಿಗರು ಹೇಳುವಂತೆ ಏನೂ ಆಗಿಲ್ಲ ಎನ್ನುವುದಕ್ಕೂ ಆಧಾರ ಸಾಲದು.

ಸರ್ಕಾರಗಳಾದರೋ ಖಚಿತ ಉತ್ತರ ಬರುವವರೆಗೆ ಕಾಯುವಂತಿಲ್ಲ. ವಾಷಿಂಗ್ಟನ್ ರಾಜ್ಯವು ಮದ್ಯದ ಮಾದರಿಯಲ್ಲೇ ಒಂದು ಅಂಕಿಯನ್ನು ಗೊತ್ತುಮಾಡಿತು: ಪ್ರತಿ ಮಿಲಿಲೀಟರ್ ರಕ್ತದಲ್ಲಿ 5 ನ್ಯಾನೋಗ್ರಾಂ (ಒಂದು ನ್ಯಾನೋಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು) ಟಿಎಚ್‌ಸಿ ಇದ್ದರೆ ಅಪರಾಧ. ಕೊಲೊರಾಡೊದಲ್ಲಿಯೂ ಅಂಕಿ ಅದೇ, ಆದರೆ ಅಲ್ಲಿ ಅದು ಅಮಲಿನ ಬಗ್ಗೆ ನ್ಯಾಯಾಲಯ ಮಾಡಬಹುದಾದ ಊಹೆ ಮಾತ್ರ. ತಾನು ಸರಿಯಾಗಿಯೇ ಓಡಿಸುತ್ತಿದ್ದೆನೆಂದು ಆರೋಪಿ ವಾದಿಸಬಹುದು. ಕೆನಡಾ ಮೆಟ್ಟಿಲುಗಳನ್ನು ಮಾಡಿತು: 2ರಿಂದ 5 ನ್ಯಾನೋಗ್ರಾಂ ಒಳಗಿದ್ದರೆ ದಂಡ, 5 ಅಥವಾ ಹೆಚ್ಚಿದ್ದರೆ ಗಂಭೀರ ಅಪರಾಧ, ಜೊತೆಗೆ ಮದ್ಯವೂ ಇದ್ದರೆ 2.5 ನ್ಯಾನೋಗ್ರಾಂ ಸಾಕು. 2024ರ ಏಪ್ರಿಲ್‌ನಲ್ಲಿ ಗಾಂಜಾ ಕಾನೂನುಬದ್ಧಗೊಳಿಸಿದ ಜರ್ಮನಿ, ಅದೇ ವರ್ಷದ ಆಗಸ್ಟ್‌ನಲ್ಲಿ ತನ್ನ ಮಿತಿಯನ್ನು 1ರಿಂದ 3.5 ನ್ಯಾನೋಗ್ರಾಂಗೆ ಏರಿಸಿತು. ಹೊಸ ಚಾಲಕರಿಗೂ 21 ವರ್ಷದೊಳಗಿನವರಿಗೂ ಆ ರಿಯಾಯಿತಿ ಇಲ್ಲ. ಈ ಅಂಕಿಗಳನ್ನು ಹೋಲಿಸುವಾಗ ಎಚ್ಚರ ಬೇಕು. ಜರ್ಮನಿ ಅಳೆಯುವುದು ರಕ್ತಕಣಗಳನ್ನು ಬೇರ್ಪಡಿಸಿದ ಸೀರಮ್‌ನಲ್ಲಿ. ಅಲ್ಲಿ ಟಿಎಚ್‌ಸಿ ಪ್ರಮಾಣ ಪೂರ್ಣ ರಕ್ತದಲ್ಲಿರುವುದಕ್ಕಿಂತ ಸುಮಾರು ಇಮ್ಮಡಿ ಇರುತ್ತದೆ. ಆದ್ದರಿಂದ ಜರ್ಮನಿಯ 3.5 ಎಂಬುದು ಕೆನಡಾದ ಕೆಳಗಿನ ಮೆಟ್ಟಿಲಾದ 2ಕ್ಕೆ ಹತ್ತಿರ.

ಅಂಕಿಯ ಜೊತೆಗೆ ಮನುಷ್ಯನ ಕಣ್ಣನ್ನೂ ನಂಬಬೇಕಾಗುತ್ತದೆ. ಕೆನಡಾದಲ್ಲಿ ಸಂಶಯ ಬಂದ ಚಾಲಕನ ಬಾಯಿಯಿಂದ ಎಂಜಲು ತೆಗೆದು ಚಿಕ್ಕ ಯಂತ್ರದಲ್ಲಿ ಪರೀಕ್ಷಿಸುತ್ತಾರೆ. ಅದರಲ್ಲಿ ಟಿಎಚ್‌ಸಿ ಕಂಡರೆ ರಕ್ತ ಪರೀಕ್ಷೆಗೆ ಇಲ್ಲವೇ ವಿಶೇಷ ತರಬೇತಿ ಪಡೆದ ಅಧಿಕಾರಿಯ ತಪಾಸಣೆಗೆ ಒಯ್ಯುತ್ತಾರೆ. ಆ ಅಧಿಕಾರಿ ನಾಡಿ ಎಣಿಸುತ್ತಾನೆ, ರಕ್ತದೊತ್ತಡ ನೋಡುತ್ತಾನೆ, ಕತ್ತಲಲ್ಲಿಯೂ ಬೆಳಕಲ್ಲಿಯೂ ಕಣ್ಣಿನ ಪಾಪೆಯ ಗಾತ್ರ ಅಳೆಯುತ್ತಾನೆ. ಮೂಗಿನ ತುದಿಯತ್ತ ಬೆರಳು ತಂದು ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆಯೇ ಎಂದು ಪರೀಕ್ಷಿಸುತ್ತಾನೆ, ಏಕೆಂದರೆ ಗಾಂಜಾ ಸೇದಿದವರ ಕಣ್ಣುಗಳು ಹಾಗೆ ಒಟ್ಟಿಗೆ ಸೇರಲು ಹಲವು ಬಾರಿ ಸೋಲುತ್ತವೆ. ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಒಂಬತ್ತು ಹೆಜ್ಜೆ ನಡೆದು ತಿರುಗಿ ಬರಬೇಕು, ಒಂಟಿ ಕಾಲಿನ ಮೇಲೆ ನಿಲ್ಲಬೇಕು, ಕಣ್ಣು ಮುಚ್ಚಿಕೊಂಡು 30 ಸೆಕೆಂಡ್ ಆಯಿತೆನಿಸಿದಾಗ ಹೇಳಬೇಕು. ಆದರೆ ಇದರಲ್ಲಿಯೂ ತಪ್ಪಿಗೆ ಎಡೆಯಿದೆ. ನಡೆಯುವ, ನಿಲ್ಲುವ ಇಂಥ ಪರೀಕ್ಷೆಗಳನ್ನೇ ಸ್ಯಾನ್ ಡಿಯಾಗೊ ತಂಡ ಒರೆಗೆ ಹಚ್ಚಿದಾಗ, ತರಬೇತಾದ ಅಧಿಕಾರಿಗಳು ಗಾಂಜಾ ಸೇದಿದವರಲ್ಲಿ ಶೇ 81ರಷ್ಟು ಮಂದಿಯನ್ನು ಸರಿಯಾಗಿ ಗುರುತಿಸಿದರು. ಆದರೆ ಟಿಎಚ್‌ಸಿ ಇಲ್ಲದ ಸಿಗರೇಟು ಸೇದಿದ್ದವರಲ್ಲಿಯೂ ಶೇ 49ರಷ್ಟು ಮಂದಿಯನ್ನು ಅಮಲಿನಲ್ಲಿದ್ದಾರೆ ಎಂದೇ ಗುರುತಿಸಿದರು. ಒಬ್ಬ ಮನುಷ್ಯನ ಲೈಸೆನ್ಸ್, ಉದ್ಯೋಗ, ಮಾನ ಇಂಥ ತಪಾಸಣೆಯನ್ನು ಅವಲಂಬಿಸಿರುವಾಗ ಈ ಅಂಕಿ ಚಿಕ್ಕದಲ್ಲ.

ಭಾರತದಲ್ಲಿ ಗಾಂಜಾ ಕಾನೂನುಬದ್ಧವಲ್ಲ. 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯು ಗಿಡದ ಹೂಗೊಂಚಲನ್ನೂ ಅಂಟನ್ನೂ ನಿಷೇಧಿಸುತ್ತದೆ. ಹೂವಿನಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯಡಿ ನಿಷೇಧಿತವಲ್ಲ ಎಂಬ ಕಾರಣದಿಂದಲೇ 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಆರೋಪಿಗೆ ಜಾಮೀನು ನೀಡಿತ್ತು. ಆದರೆ ಭಂಗಿ ಕುಡಿದು ವಾಹನ ಓಡಿಸಲು ಅದರಿಂದ ಪರವಾನಗಿ ಸಿಕ್ಕಂತಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಮದ್ಯಕ್ಕೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಮಿತಿ ಹಾಕಿದೆ. ಇತರ ಮಾದಕ ವಸ್ತುಗಳಿಗೆ ಅಂಕಿ ಹಾಕದೆ, ವಾಹನದ ಮೇಲೆ ಸರಿಯಾದ ಹತೋಟಿ ಇಟ್ಟುಕೊಳ್ಳಲಾಗದಷ್ಟು ಅದರ ಪ್ರಭಾವದಲ್ಲಿದ್ದರೆ ಅಪರಾಧ ಎನ್ನುತ್ತದೆ. ಮೊದಲ ಬಾರಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಟಿಎಚ್‌ಸಿಯ ಗುಣವನ್ನು ಬಲ್ಲವರಿಗೆ ಈ ವ್ಯಾಖ್ಯೆ 5 ನ್ಯಾನೋಗ್ರಾಂ ಎಂಬ ಗೆರೆಗಿಂತ ವಿಜ್ಞಾನಕ್ಕೆ ಹತ್ತಿರವಾಗಿ ಕಂಡೀತು, ಏಕೆಂದರೆ ಅದು ಕೇಳುವುದು ರಕ್ತದ ಅಂಕಿಯನ್ನಲ್ಲ, ಚಾಲಕನ ಹತೋಟಿಯನ್ನು. ಆದರೆ ಹತೋಟಿ ತಪ್ಪಿತ್ತೆಂದು ರುಜುವಾತು ಮಾಡಲು ರಸ್ತೆಯಲ್ಲಿ ತರಬೇತಾದ ಕಣ್ಣು ಬೇಕು. ನಮ್ಮ ಸಂಚಾರ ಪೊಲೀಸರು ರಾತ್ರಿ ತಪಾಸಣೆಯಲ್ಲಿ ಊದಿಸುವ ಯಂತ್ರ ಮದ್ಯಸಾರವನ್ನಷ್ಟೇ ಹಿಡಿಯುತ್ತದೆ; ಗಾಂಜಾ ಸೇದಿದವನು ಊದಿದರೆ ಅದು ಸೊನ್ನೆ ತೋರಿಸುತ್ತದೆ.

ಕೆನಡಾದಲ್ಲಿ ಓದುತ್ತಿರುವ, ದುಡಿಯುತ್ತಿರುವ ಕನ್ನಡಿಗರು ತಿಳಿದಿರಬೇಕಾದ ಇನ್ನೊಂದು ಸಂಗತಿ ಉಂಟು. ಅಂಗಡಿಯಲ್ಲಿ ರಸೀದಿ ಪಡೆದು ಕೊಂಡ ಗಾಂಜಾ ಅಲ್ಲಿ ಕಾನೂನುಬದ್ಧವೇ ಹೌದು. ಆದರೆ ಅಮಲಿನಲ್ಲಿ ವಾಹನ ಓಡಿಸುವ ಅಪರಾಧಕ್ಕೆ ಗರಿಷ್ಠ ಶಿಕ್ಷೆಯನ್ನು 2018ರ ಡಿಸೆಂಬರ್ 18ರಿಂದ ಐದು ವರ್ಷದ ಬದಲು ಹತ್ತು ವರ್ಷಕ್ಕೆ ಏರಿಸಲಾಗಿದೆ. ಹತ್ತು ವರ್ಷದ ಶಿಕ್ಷೆಗೆ ಅವಕಾಶವಿರುವ ಅಪರಾಧವನ್ನು ಅಲ್ಲಿನ ವಲಸೆ ಕಾಯ್ದೆ ‘ಗಂಭೀರ ಅಪರಾಧ’ ಎಂದು ಎಣಿಸುತ್ತದೆ. ನ್ಯಾಯಾಲಯ ದಂಡವನ್ನಷ್ಟೇ ಹಾಕಿದರೂ ಈ ಎಣಿಕೆ ಬದಲಾಗುವುದಿಲ್ಲ. ಪೌರತ್ವ ಇಲ್ಲದ, ಕಾಯಂ ನಿವಾಸದ ಪತ್ರ ಅಥವಾ ವೀಸಾ ಮಾತ್ರ ಇರುವ ವ್ಯಕ್ತಿಗೆ ಒಮ್ಮೆ ಇಂಥ ಅಪರಾಧ ಸಾಬೀತಾದರೆ, ಆ ದೇಶದಲ್ಲಿ ಉಳಿಯುವ ಹಕ್ಕೇ ಕೈತಪ್ಪಬಹುದು.